ಗಾಳಿಯ ಆಲ್ಫಾ ಎಣಿಸುವ ಮೊದಲು ನಾಲ್ಕು ದಿನ ಸುಮ್ಮನಿರಿ

ಪಂಪಿನಿಂದ ಗಾಳಿಯನ್ನು ಫಿಲ್ಟರ್ ಪೇಪರಿನ ಮೂಲಕ ಎಳೆದು, ಪೇಪರ್ ಮೇಲೆ ಕೂತ ಧೂಳಿನಿಂದ ಹೊಮ್ಮುವ ಆಲ್ಫಾ ಕಣಗಳನ್ನು (ಒಂದು ಬಗೆಯ ವಿಕಿರಣ) ಕೌಂಟರಿನಲ್ಲಿ ಎಣಿಸುತ್ತೇವೆ. ಪಂಪ್ ನಿಲ್ಲಿಸಿದ ಕೂಡಲೇ ಪೇಪರನ್ನು ಕೌಂಟರಿಗೆ ಹಾಕಿದರೆ ಎಣಿಕೆ ಸಿಕ್ಕಾಪಟ್ಟೆ ಏರುತ್ತದೆ. ನಮ್ಮ ಲ್ಯಾಬಿಗೆ ಹೊಸದಾಗಿ ಬಂದ ಹುಡುಗರು ಇದನ್ನು ನೋಡಿ ಹೆದರುತ್ತಾರೆ. ಹೆದರುವಂಥದ್ದೇನಿಲ್ಲ, ಅದು ರೇಡಾನ್, ನೆಲದಿಂದ ತಾನಾಗಿ ಬರುವ ವಿಕಿರಣಶೀಲ ಅನಿಲ. ರಾಯಚೂರಿನ ನೆಲದಡಿ ಗ್ರಾನೈಟ್ ಜಾಸ್ತಿ, ಗ್ರಾನೈಟ್ ಅಂದ ಮೇಲೆ ಚೂರುಪಾರು ಯುರೇನಿಯಂ, ಥೋರಿಯಂ ಇದ್ದೇ ಇರುತ್ತವೆ. ಅವುಗಳಿಂದ ಹುಟ್ಟಿದ ರೇಡಾನ್, ಥೋರಾನ್ ಅನಿಲಗಳು ಮೇಲೆ ಬಂದು ಒಡೆಯುತ್ತವೆ, ಆಗ ಉಳಿಯುವ ಪೊಲೋನಿಯಂ, ಸೀಸ, ಬಿಸ್ಮತ್ ಧೂಳಿಗೆ ಅಂಟಿ ಪೇಪರ್ ಮೇಲೆ ಕೂರುತ್ತವೆ. ಗಾಳಿ ಅಲ್ಲಾಡದ ಬೆಳಗಿನ ಜಾವ ಇನ್ನೂ ಜಾಸ್ತಿ, ಮಧ್ಯಾಹ್ನ ಕಡಿಮೆ.

ನನಗೆ ಬೇಕಾದದ್ದು ಬಹುಕಾಲ ಬಾಳುವ ವಸ್ತುಗಳ ಆಲ್ಫಾ ಮಾತ್ರ. ಹಾಗಾಗಿ ಕಾಯುತ್ತೇನೆ. ರೇಡಾನ್ ಕಡೆಯ ಸೀಸ-214ರ ಅರ್ಧಾಯು (ಅರ್ಧದಷ್ಟು ಒಡೆದುಹೋಗಲು ಬೇಕಾದ ಹೊತ್ತು) ಸುಮಾರು 27 ನಿಮಿಷ, ನಾಲ್ಕು ಗಂಟೆಯಲ್ಲಿ ಅದರ ಕಾಟ ಮುಗಿಯಿತು. ಥೋರಾನ್ ಕಡೆಯ ಸೀಸ-212 ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಅದರದ್ದು 10.6 ಗಂಟೆ. ನಾಲ್ಕು ದಿನ ಬಿಟ್ಟರೆ ಐನೂರರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ನಡುವೆ ಒಮ್ಮೆ ಎಣಿಸಿ, ಇಳಿತ ಆ 10.6 ಗಂಟೆಗೆ ಹೊಂದುತ್ತದಾ ಅಂತ ನೋಡಿಕೊಳ್ಳುತ್ತೇನೆ.

ಇನ್ನು ಲೆಕ್ಕ. ನಿಮಿಷಕ್ಕೆ 40 ಲೀಟರಿನಂತೆ ಒಂದು ದಿನ ಎಳೆದರೆ 57.6 ಘನ ಮೀಟರ್ ಗಾಳಿ. ಕೌಂಟರಿನ ಹಿನ್ನೆಲೆ (ಮಾದರಿ ಇಲ್ಲದಿದ್ದರೂ ಬರುವ ಎಣಿಕೆ) ನಿಮಿಷಕ್ಕೆ 0.3, ದಕ್ಷತೆ (ಹೊಮ್ಮಿದ ಕಣಗಳಲ್ಲಿ ಎಣಿಕೆಗೆ ಸಿಗುವ ಪಾಲು) 25% ಅಂದುಕೊಳ್ಳಿ. 100 ನಿಮಿಷ ಎಣಿಸಿದರೆ ಪತ್ತೆ ಮಿತಿ, ಅಂದರೆ ಗುರುತಿಸಬಹುದಾದ ಅತಿ ಕಡಿಮೆ ಪ್ರಮಾಣ, ಘನ ಮೀಟರಿಗೆ ಸುಮಾರು 0.33 ಮಿಲಿಬೆಕ್ವೆರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕ್ವೆರೆಲ್, ಅದರ ಸಾವಿರದಲ್ಲೊಂದು ಪಾಲು ಮಿಲಿಬೆಕ್ವೆರೆಲ್). ಸಾವಿರ ನಿಮಿಷ ಎಣಿಸಿದರೂ 0.1ರ ಹತ್ತಿರ ಬರುತ್ತದಷ್ಟೇ, ಹತ್ತು ಪಟ್ಟು ಸಮಯ ಕೊಟ್ಟು ಮೂರು ಚಿಲ್ಲರೆ ಪಟ್ಟು ಲಾಭ. ಅದೇ ಗಾಳಿ ದುಪ್ಪಟ್ಟಾದರೆ ಮಿತಿ ನೇರ ಅರ್ಧ. ಹಾಗಾದರೆ ಪಂಪನ್ನೇ ವಾರಗಟ್ಟಲೆ ಓಡಿಸಬಹುದಲ್ವಾ? ನಮ್ಮೂರ ಬೇಸಿಗೆ ಧೂಳು ಬಿಡಬೇಕಲ್ಲ! ಆಲ್ಫಾ ಕಣ ಗಾಳಿಯಲ್ಲೇ ನಾಲ್ಕೈದು ಸೆಂಟಿಮೀಟರ್ ದಾಟದು, ಪೇಪರ್ ಮೇಲೆ ಧೂಳು ದಪ್ಪವಾದರೆ ಅದರೊಳಗೇ ಸಾಯುತ್ತದೆ. ಹರಿವೂ ಇಳಿಯುತ್ತದೆ, ಅದಕ್ಕೆ ಶುರುವಿನಲ್ಲಿ, ಕೊನೆಯಲ್ಲಿ ಎರಡೂ ಸಲ ಬರೆದುಕೊಳ್ಳುತ್ತೇನೆ. ಏಪ್ರಿಲ್, ಮೇನಲ್ಲಿ ಒಂದು ದಿನಕ್ಕೇ ಪೇಪರ್ ಬದಲಿಸುವುದು ಒಳ್ಳೆಯದು.

ಕೌಂಟರಿನೊಳಗೆ ಆಲ್ಫಾ ಬಡಿದಾಗ ಮಿನುಗುವ ಜಿಂಕ್ ಸಲ್ಫೈಡ್ ಪರದೆ ಇದೆ. ಅದಕ್ಕೆ ಬೆಳಕು ಬಿದ್ದರೆ ಸ್ವಲ್ಪ ಹೊತ್ತು ತಾನೇ ಮಿನುಗುತ್ತಿರುತ್ತದೆ. ಪೇಪರ್ ಇಡುವ ಡ್ರಾಯರ್ ಮುಚ್ಚಿ ಹತ್ತು ನಿಮಿಷ ಬಿಟ್ಟೇ ಎಣಿಕೆ ಶುರು ಮಾಡಿ. ಹಿನ್ನೆಲೆ ಎಣಿಸುವಾಗ ಖಾಲಿ ಡ್ರಾಯರ್ ಸಾಲದು, ಅದೇ ಪ್ಯಾಕೆಟ್ಟಿನ ಬಳಸದ ಪೇಪರ್ ಇಡಿ. ಗಾಜಿನ ನಾರಿನ ಪೇಪರಿನಲ್ಲೂ ಒಂಚೂರು ಆಲ್ಫಾ ಇರುತ್ತದೆ.