ತಾತನ ಕಾಟಿ ತಲೆ: ಅಣ್ಣಂಗೆ ಒಂದ್ರೂಪಾಯಿ ಕೊಡದೆ ನನ್ನ ಹೆಸರಿಗೆ ಮಾಡಿಸ್ಕೊಂಡಿದ್ದು (ನನ್ನ ಅನುಭವ)

ನಿಮ್ಮನೇಲೂ ತಾತನ ಕಾಲದ ಬೇಟೆ ಪ್ರಾಣಿ ತಲೆನೋ ಕೊಂಬೋ ಗೋಡೆ ಮೇಲೆ ಇದ್ದು, ಅದರ ಮೇಲೆ ಪಾಲಿನ ದಾವೆ ಬಿದ್ದಿದ್ರೆ ಇದು ನಿಮಗೆ. "ಏನೋ ಒಂದಿಷ್ಟು ಬಿಸಾಕಿ ಮುಗಿಸ್ಕೊಳಪ್ಪ" ಅಂತ ನಂಗೆ ಬುದ್ಧಿ ಹೇಳದೆ ಇದ್ದೋರೇ ಇಲ್ಲ, ನನ್ನ ಹೆಂಡ್ತೀನೂ ಸೇರ್ಸಿ. ದುಡ್ಡು ಕೊಡಲ್ಲ ಅಂತ ಕೂತಿದ್ದಕ್ಕೇ ಗೆದ್ದಿದ್ದು ನಾನು.

ತಾತ ಕಾಕನಕೋಟೆ ಕಾಡಲ್ಲಿ ಬೇಟೆ ಆಡಿದ ಕಾಟಿ (ಕಾಡುಕೋಣ) ಅದು, ಐವತ್ತರ ದಶಕದ್ದು. ಬೇಟೆ ಪ್ರಾಣಿ ಚರ್ಮ ಹದ ಮಾಡಿ ತುಂಬಿ ಕೊಡ್ತಿದ್ದ ಮೈಸೂರು ನಜರ್‌ಬಾದಿನ ವ್ಯಾನ್ ಇಂಗನ್ ಕಾರ್ಖಾನೇಲಿ ತುಂಬಿಸಿದ್ರು, ಹಿಂದೆ ಅವರ ಲೇಬಲ್ ಇನ್ನೂ ಇದೆ. 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ತಾತ ಡಿಕ್ಲೇರ್ ಮಾಡಿ ಓನರ್‌ಶಿಪ್ ಸರ್ಟಿಫಿಕೇಟೂ ತಗೊಂಡಿದ್ರು. ತಾತ ಹೋದ್ಮೇಲೆ ತಲೆ ಒಂಟಿಕೊಪ್ಪಲಿನ ನಮ್ಮನೇಲೇ ಉಳೀತು. ಅಪ್ಪ 2020ರ ಜನವರೀಲಿ ಹೋದ್ರು. ಪಾಂಡವಪುರದ ಹತ್ರ ಇರೋ ಗದ್ದೆಗೆ ಪೌತಿ ಖಾತೆ (ತೀರ್ಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ) ಓಡಾಡಿ ಮಾಡ್ಸಿದ್ವಿ, ಕಾಟಿ ತಲೆಗೂ ಒಂಥರಾ ಪೌತಿ ಖಾತೆ ಮಾಡ್ಸ್ಬೇಕು ಅನ್ನೋದು ಯಾರ ತಲೆಗೂ ಹೊಳೀಲಿಲ್ಲ. ಕಾಯ್ದೆಗೆ 2003ರಲ್ಲಿ ಜಾರಿಗೆ ಬಂದ ತಿದ್ದುಪಡಿ ಪ್ರಕಾರ ವಾರಸುದಾರಿಕೇಲಿ ಬಂದಿದ್ದನ್ನ 90 ದಿನದೊಳಗೆ ಚೀಫ್ ವೈಲ್ಡ್‌ಲೈಫ್ ವಾರ್ಡನ್‌ಗೆ ಡಿಕ್ಲೇರ್ ಮಾಡ್ಬೇಕು.

2021ರಲ್ಲಿ ಮಂಡ್ಯದಲ್ಲಿರೋ ದೊಡ್ಡಪ್ಪನ ಮಗ, ಅಂದ್ರೆ ನಮ್ಮಣ್ಣ, ಪಾಲು ಕೇಳಿ ದಾವೆ ಹಾಕ್ದ. ಶೆಡ್ಯೂಲಲ್ಲಿ (ಪಾಲು ಕೇಳಿರೋ ಸ್ವತ್ತಿನ ಪಟ್ಟೀಲಿ) ಎರಡು ಹಂಡೆ, ಒಂದು ಬೀರು, ಆಮೇಲೆ "ಕಾಟಿ ತಲೆ ಒಂದು, ಅಂದಾಜು ಬೆಲೆ ಆರು ಲಕ್ಷ". ಯಾವುದೋ ಫಾರಿನ್ ಹರಾಜಿನ ರೇಟ್ ನೋಡಿದ್ನಂತೆ ಮಹಾರಾಯ.

ಮೊದಲ್ನೇ ಲಾಯರ್ರು ನಲವತ್ತು ಸಾವ್ರ ತಗೊಂಡು ಆ ಲೇಬಲ್ಲೇ ಸಾಕು ಅಂದ್ರು. ಲೇಬಲ್ ಹೇಳೋದು ತುಂಬಿದ್ದು ಯಾರು ಅಂತ, ತಲೆ ಯಾರ್ದು ಅಂತಲ್ವಲ್ಲ, ಕಾರ್ಖಾನೇಲಿ ಕೇಳೋಣ ಅಂದ್ರೆ ಅದು 1999ರಲ್ಲೇ ಮುಚ್ಚಿದೆ. ಆಮೇಲೆ ತಾತನ ಶಿಕಾರಿ ಲೈಸೆನ್ಸ್ ಹುಡುಕಿ ಅಂತ ನನ್ನನ್ನ ಆರು ತಿಂಗಳು ಓಡಾಡಿಸಿದ್ರು, ಪತ್ರಾಗಾರದಲ್ಲಿ ಧೂಳು ಕುಡಿದು ಕೆಮ್ಮು ಬಂತೇ ಹೊರತು ಲೈಸೆನ್ಸ್ ಸಿಗ್ಲಿಲ್ಲ, ಮತ್ತೆ ಅದು ಬೇಕಾಗೂ ಇರ್ಲಿಲ್ಲ. ಹನ್ನೊಂದೋ ಹನ್ನೆರಡೋ ವಾಯ್ದೆ (ಕೋರ್ಟ್ ಮುಂದಕ್ಕೆ ಹಾಕೋ ತಾರೀಕು) ಹೋಯ್ತು.

ಅಷ್ಟೊತ್ತಿಗೆ 2023ರ ಅಕ್ಟೋಬರ್, ಹುಲಿ ಉಗುರಿನ ಪೆಂಡೆಂಟ್ ಹಾಕ್ಕೊಂಡೋರ ಮೇಲೆ ಕೇಸು ಅಂತ ಟೀವಿ ತುಂಬಾ ಗಲಾಟೆ. ನಮ್ಮನೇಲಿ ಕಾಟಿ ತಲೆ ಇದೆ ಅಂತ ಯಾರೋ ಅರ್ಜಿ ಬರೆದ್ರು (ಯಾರು ಅಂತ ಗೊತ್ತು, ಬಿಡಿ), ಫಾರೆಸ್ಟ್‌ನೋರು ಬಂದು ಮಹಜರ್ (ಸಾಕ್ಷಿಗಳ ಮುಂದೆ ಸ್ಥಳದಲ್ಲೇ ಬರೆಯೋ ವರದಿ) ಮಾಡಿ ತಲೆನ ನನ್ನ ಸುಪರ್ದಿಗೇ ಬಿಟ್ಟು ಹೋದ್ರು. ಈ ಕಾಯ್ದೇಲಿ ಕೇಸಾದ್ರೆ, ಇಟ್ಕೊಂಡಿರೋದು ಕಾನೂನುಬದ್ಧ ಅಂತ ಸಾಬೀತು ಮಾಡೋ ಭಾರ ನಮ್ಮ ಮೇಲೇ. ಒರಿಜಿನಲ್ ಸರ್ಟಿಫಿಕೇಟ್ ನೋಡಿದ್ರೆ ಟ್ರಂಕಲ್ಲಿ ಗೆದ್ದಲು ತಿಂದು ಮೂಲೇಲಿ ಅರ್ಧ ಸೀಲು ಮಾತ್ರ ಉಳಿದಿತ್ತು.

ಅದರ ದಾಖಲೆ ಕೇಳಿ ಆರ್‌ಟಿಐ (ಮಾಹಿತಿ ಹಕ್ಕು ಅರ್ಜಿ) ಹಾಕ್ದೆ, "ದಾಖಲೆ ಲಭ್ಯವಿಲ್ಲ" ಅಂತ ಬಂತು. ಅಪೀಲ್ ಹಾಕ್ದೆ, ಅದಕ್ಕೂ ಅದೇ ಮಂತ್ರ. ಒಂದಿನ ಭಾನುವಾರ ಹುಳ ಬಿದ್ದಿದ್ಯಾ ನೋಡೋಣ ಅಂತ ತಲೆ ಕೆಳಗಿಳಿಸಿದ್ದೆ, ಹಿಂದಿನ ತೇಗದ ಹಲಗೇಲಿ ಏನೋ ಗುಂಡಿಗುಂಡಿ ಕೈಗೆ ತಾಗ್ತು, ಕಣ್ಣಿಗೆ ಕಾಣಲ್ಲ. ಮಗಳ ಡ್ರಾಯಿಂಗ್ ಶೀಟ್ ಮೇಲಿಟ್ಟು ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿದ್ರೆ ನಾಲ್ಕು ಅಂಕಿ, ಓರೆ ಗೆರೆ, 74 ಅಂತ ಮೂಡ್ತು. ತಾತನ ಹೆಸರಲ್ಲಿ ಕೇಳ್ದೆ ಆ ನಂಬರಲ್ಲಿ ಕೇಳಿದ್ಮೇಲೇ ತಾತ ಡಿಕ್ಲೇರ್ ಮಾಡಿದ್ದು ಬರೆದಿರೋ ರಿಜಿಸ್ಟರ್ ಪುಟ ಈಚೆ ಬಂದಿದ್ದು. ಯಾವ ರಿಜಿಸ್ಟರು, ಅರ್ಜೀಲಿ ಯಾವ ಪದ ಹಾಕ್ದೆ ಅನ್ನೋದು ಇಲ್ಲಿ ಬರೆಯಲ್ಲ, ಅದು ನನ್ನ ಎರಡು ವರ್ಷದ ಸಂಪಾದ್ನೆ.

ಇನ್ನು ದಾವೆ ಮುರಿದಿದ್ದು ಅದೇ ವನ್ಯಜೀವಿ ಕಾಯ್ದೆಯ 43ನೇ ಸೆಕ್ಷನ್ನು. ಸರ್ಟಿಫಿಕೇಟ್ ಇರೋ ಟ್ರೋಫೀನೂ (ಇಂಥ ತಲೆ, ಕೊಂಬು, ಚರ್ಮ) ಮಾರಂಗಿಲ್ಲ, ವ್ಯಾಪಾರದ ರೀತಿ ಯಾವ ಪ್ರತಿಫಲಕ್ಕೂ ಇನ್ನೊಬ್ಬರಿಗೆ ವರ್ಗ ಮಾಡಂಗಿಲ್ಲ. ಮಾರಕ್ಕಾಗದ ವಸ್ತುಗೆ ಆರು ಲಕ್ಷ ಎಲ್ಲಿಂದ ಬಂತು ಸ್ವಾಮಿ? ಎರಡನೇ ಲಾಯರ್ರು, ಇನ್ನೂ ಚಿಕ್ಕ ಹುಡ್ಗ, ಇದನ್ನೇ ಮೀಡಿಯೇಶನ್ನಲ್ಲಿ (ಕೋರ್ಟ್ ಕಡೆಯಿಂದ ನಡೆಯೋ ರಾಜಿ ಮಾತುಕತೇಲಿ) ಇಟ್ರು: ತಲೆ ಬದಲು ದುಡ್ಡು ಇಸ್ಕೊಂಡ್ರೆ ಇಸ್ಕೊಂಡೋನೂ ಕೊಟ್ಟೋನೂ ಇಬ್ರೂ ಸಿಕ್ಕಾಕೊಳ್ತಾರೆ, ತಲೇನೇ ಬೇಕು ಅಂದ್ರೆ ಅಣ್ಣ ತನ್ನ ಹೆಸರಲ್ಲಿ ಡಿಕ್ಲೇರ್ ಮಾಡಿ ಫಾರೆಸ್ಟ್‌ನೋರನ್ನ ಮನೆಗೆ ಕರ್ಸ್ಕೋಬೇಕು. ಅಣ್ಣನ ಲಾಯರ್ರೇ ಅವನನ್ನ ಆಚೆ ಕರ್ಕೊಂಡೋಗಿ ಹತ್ತು ನಿಮಿಷ ಮಾತಾಡಿದ್ರು. ಒಳಗೆ ಬಂದಾಗ ಅವನ ಮುಖದಲ್ಲಿ ಆರು ಲಕ್ಷ ಇರ್ಲಿಲ್ಲ.

ತಾತನ ಮಗಳು, ನಮ್ಮ ಸೋದರತ್ತೆ ಸಹೀನೂ ಬೇಕಿತ್ತು. ಶ್ರೀರಂಗಪಟ್ಟಣಕ್ಕೆ ಮೂರು ಸಲ ಹೋದ್ರೂ ಅತ್ತೆ ಹಾಕ್ಲಿಲ್ಲ, ಇವ್ರೂ ದುಡ್ಡು ಕೇಳ್ತಾರೆ ಅಂದ್ಕೊಂಡೆ. ನಾಲ್ಕನೇ ಸಲ ಬಾಯ್ಬಿಟ್ರು, "ಕಾಟಿ ತಲೆ ತಕ್ಕಂಡು ನಾನೇನ್ಲಾ ಮಾಡ್ಲಿ, ಧೂಳ್ ಹೊಡ್ಯದಾ? ಅಪ್ಪ ಕೋವಿ ಹಿಡ್ಕಂಡಿರೋ ಪಟ ಐತಲ್ಲ, ಅದ ಕೊಡು." ಸ್ಟುಡಿಯೋಲಿ ದೊಡ್ಡದು ಮಾಡ್ಸಿ ಕಟ್ಟು ಹಾಕ್ಸಿ ಕೊಟ್ಟೆ, ಆವತ್ತೇ ಸಹಿ ಆಯ್ತು. ಅಣ್ಣಂದು, ಅತ್ತೇದು ಇಬ್ರುದೂ ಪ್ರತಿಫಲ ಇಲ್ಲದ ಹಕ್ಕು ಬಿಡುಗಡೆ, ಲೋಕ ಅದಾಲತ್ತಲ್ಲಿ ರಾಜಿ.

ಡಿಕ್ಲೇರ್ ಮಾಡೋ 90 ದಿನ ಮೀರಿತ್ತಲ್ಲ, ಅದಕ್ಕೆ ಕೋವಿಡ್ ಅಂತ ಸುಪ್ರೀಂ ಕೋರ್ಟು 15-03-2020ರಿಂದ 28-02-2022ರವರೆಗಿನ ಕಾಲಾವಧೀನ ಲೆಕ್ಕದಿಂದ ಬಿಟ್ಟಿತ್ತಲ್ಲ, ಆ ಆದೇಶ ಲಗತ್ತಿಸಿದ್ವಿ. ಅದು ಕೋರ್ಟ್ ಕೇಸಿಗೆ, ಡಿಕ್ಲರೇಶನ್ನಿಗಲ್ಲ ಅಂತ ತಕರಾರು ಬಂತು. 2003ರಲ್ಲಿ 180 ದಿನ ಟೈಮ್ ಕೊಟ್ಟಿದ್ವಲ್ಲ ಆಗ್ಯಾಕೆ ಬರ್ಲಿಲ್ಲ ಅಂತ್ಲೂ ಒಬ್ರು ಕೇಳಿದ್ರು, ಅದು ಡಿಕ್ಲೇರೇ ಮಾಡದೆ ಇದ್ದೋರಿಗೆ ಸಾರ್, ನಮ್ದು ಆಗ್ಲೇ ರಿಜಿಸ್ಟರಲ್ಲಿದೆ ಅಂದೆ. ಬೆಂಗ್ಳೂರು ಮಲ್ಲೇಶ್ವರದ ಅರಣ್ಯ ಭವನಕ್ಕೆ ಐದೋ ಆರೋ ಸಲ ಹೋದ್ಮೇಲೆ ತಡ ಮನ್ನಾ ಆಯ್ತು, ತಲೆ ನನ್ನ ಹೆಸರಿಗೆ ಬಂತು.

ಹುಳದ ವಿಷ್ಯ ಬಂತಲ್ಲ, ಕಿವಿ ಹತ್ರ ಕೂದ್ಲು ಉದುರ್ತಿತ್ತು. ಬೇವಿನ ಸೊಪ್ಪು ಇಟ್ಟೆ, ಏನೂ ಆಗ್ಲಿಲ್ಲ. ನುಸಿ ಗುಳಿಗೆ ಇಟ್ಟೆ, ಹುಳಕ್ಕಿಂತ ಮುಂಚೆ ಹೆಂಡ್ತಿ ಮನೆ ಬಿಡ್ತೀನಿ ಅಂದ್ಲು. ಕೊನೆಗೆ ಪ್ಲಾಸ್ಟಿಕಲ್ಲಿ ಗಾಳಿ ಹೋಗದಂಗೆ ಸುತ್ತಿ, ಐಸ್‌ಕ್ರೀಂ ಗೋಡೌನ್ ಇರೋ ಸ್ನೇಹಿತನ ಫ್ರೀಜರಲ್ಲಿ ಎರಡು ವಾರ ಇಟ್ಟೆ, ಆಮೇಲೆ ಉದುರೋದು ನಿಂತಿದೆ. ಬರಿಗೈಲಿ ಮಾತ್ರ ಮುಟ್ಬೇಡಿ, ಹಳೇ ಟ್ರೋಫಿಗಳ ಚರ್ಮಕ್ಕೆ ಆರ್ಸೆನಿಕ್ ವಿಷ ಹಚ್ಚಿರ್ತಾರೆ. ಅಟ್ಟದಲ್ಲಿ ಕಾಗದ ಇಲ್ಲದ ಒಂದು ಜೊತೆ ಕಡವೆ ಕೊಂಬೂ ಸಿಕ್ತು, ಅದಕ್ಕೆ ಹೋರಾಡೋಕೆ ಹೋಗ್ಲಿಲ್ಲ, ಬರೆದುಕೊಟ್ಟು ಫಾರೆಸ್ಟ್‌ನೋರಿಗೆ ಒಪ್ಪಿಸ್ಬಿಟ್ಟೆ.

ಖರ್ಚು ಅಂದಾಜು ಲಾಯರ್ರಿಬ್ರಿಗೂ ಸೇರಿ ತೊಂಬತ್ತು ಸಾವ್ರ, ಓಡಾಟ ಇಪ್ಪತ್ತೈದು, ಜೆರಾಕ್ಸು ಸ್ಟಾಂಪ್ ಪೇಪರ್ ಕಾಫಿ ತಿಂಡಿ ಎಲ್ಲ ಹತ್ತು, ಅತ್ತೆ ಪಟಕ್ಕೆ ಎರಡೂವರೆ ಸಾವ್ರ. ಆ ಮೊದಲ್ನೇ ನಲವತ್ತು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಅಣ್ಣ ಹೋದ್ತಿಂಗ್ಳು ಮನೆಗೆ ಬಂದಿದ್ದ, ತಲೆ ಕೆಳಗೆ ನಿಂತು ಸೆಲ್ಫಿ ತಗೊಂಡ. ಸ್ಟೇಟಸ್ಸಿಗೆ ಹಾಕ್ಬೇಡ ಮಾರಾಯ ಅಂದೆ, ಆಗ್ಲೇ ಹಾಕಾಗಿತ್ತು.