ರಸ್ತೆ ಬದಿ ನಿಂತ ಹಳೇ ಕಾರು ಗುರುತಿಸೋದು: ನನ್ನ ಅನುಭವ

ಹಳೇ ಕಾರು ಕಂಡರೆ ನಾನು ಮೊದಲು ನೋಡುವುದು ಗ್ರಿಲ್, ಅಂದರೆ ಮೂತಿಯ ಮೇಲಿನ ಜಾಲರಿ. ಆಮೇಲೆ ಬಾಗಿಲು, ಕೊನೆಗೆ ನಂಬರ್ ಪ್ಲೇಟ್. ಹೆಸರಿನ ಬ್ಯಾಡ್ಜ್ ಅಷ್ಟಾಗಿ ನಂಬುವುದಿಲ್ಲ. ಎಷ್ಟೋ ಸಲ ಅದು ಬಿದ್ದುಹೋಗಿರುತ್ತದೆ, ಇಲ್ಲಾಂದ್ರೆ ಬೇರೆ ಕಾರಿನದ್ದು ಕೂತಿರುತ್ತದೆ.

ನಮ್ಮಲ್ಲಿ ಈ ಸಣ್ಣಪುಟ್ಟದ್ದೇ ಮುಖ್ಯ ಆಗೋದಕ್ಕೆ ಕಾರಣ ಇದೆ. ಬರೀ ಬಿಡಿಭಾಗ ತರಿಸಿ ಜೋಡಿಸುವವರು ಬೇಡ, ಇಲ್ಲೇ ತಯಾರಿಸುವವರಿಗೆ ಮಾತ್ರ ಅವಕಾಶ ಅಂತ ಸರ್ಕಾರ 1953ರಲ್ಲಿ ತೀರ್ಮಾನಿಸಿತು. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಆಮೇಲೆ ಮೂರು ದಶಕ ಹೆಚ್ಚಾಗಿ ಓಡಾಡಿದ್ದು ಮೂರು ಕಂಪನಿಗಳ ಕಾರು: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಮೈಕಟ್ಟು ಅಷ್ಟಾಗಿ ಬದಲಾಗಲಿಲ್ಲ. ಹಾಗಾಗಿ ಇಸವಿ ಅಂದಾಜು ಮಾಡಬೇಕಾದರೆ ಕಾರಿನ ಹತ್ತಿರ ಹೋಗಲೇಬೇಕು.

ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಗ್ರಿಲ್‌ನಲ್ಲಿ ಸಣ್ಣ ಸಣ್ಣ ಚೌಕ ಒತ್ತೊತ್ತಾಗಿದ್ದರೆ 60ರ ದಶಕದ ಮಾರ್ಕ್ ಟೂ. ಅಡ್ಡ ಪಟ್ಟಿಗಳಿದ್ದರೆ 1975ರ ಮಾರ್ಕ್ ತ್ರೀ. ಗ್ರಿಲ್ ಚಿಕ್ಕದಾಗಿ ಚೌಕ ದೊಡ್ಡದಾಗಿದ್ದರೆ 1979ರ ಮಾರ್ಕ್ ಫೋರ್. ಆದರೆ ಗ್ರಿಲ್ ಬದಲಾಯಿಸೋದು ಬಹಳ ಸುಲಭ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಯಾವುದು ಸಿಕ್ಕಿತೋ ಅದನ್ನೇ ಹಾಕಿಸಿಕೊಂಡವರು ಎಷ್ಟೋ ಜನ. ಅದಕ್ಕೇ ಕಿಟಕಿಯಿಂದ ಡ್ಯಾಶ್‌ಬೋರ್ಡ್ ಕೂಡ ನೋಡಿ, ಎರಡೂ ಒಂದೇ ಕಾಲದ್ದಾ ಅಂತ ತಾಳೆ ಹಾಕುತ್ತೇನೆ.

ಫಿಯೆಟ್‌ಗೆ ಬಾಗಿಲೇ ಸಾಕು. 1954ರಲ್ಲಿ ಬಂದ ಮಿಲೆಚೆಂಟೋ ಮಾದರಿಯ ಮುಂದಿನ ಬಾಗಿಲಿಗೆ ಹಿಂಜ್ ಹಿಂದುಗಡೆ, ಆಮೇಲಿನ ಪದ್ಮಿನಿ ಮಾದರಿಗೆ ಮುಂದುಗಡೆ. ಸ್ಟ್ಯಾಂಡರ್ಡ್ ಕಂಪನಿಯ ಹೆರಾಲ್ಡ್ ಇನ್ನೂ ಸುಲಭ, ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿ ಮುಂದಕ್ಕೆ ಬಾಗುತ್ತದೆ. ನಾಲ್ಕು ಬಾಗಿಲಿನ ಹೆರಾಲ್ಡ್ ಕಂಡರಂತೂ ನಾನು ನಿಂತೇ ಬಿಡುತ್ತೇನೆ, ಯಾಕಂದ್ರೆ ಇಂಗ್ಲೆಂಡಿನಲ್ಲಿ ಅದಕ್ಕೆ ಎರಡೇ ಬಾಗಿಲು, ನಾಲ್ಕು ಬಾಗಿಲಿನದ್ದನ್ನು ಮಾಡಿದ್ದು ಮದ್ರಾಸಿನ ಕಾರ್ಖಾನೆಯವರು.

ಇನ್ನು ನಂಬರ್ ಪ್ಲೇಟ್. ಕೆಎ ಸರಣಿ ಬಂದದ್ದು 1989ರಲ್ಲಿ. ಎಂವೈ ಎಂದು ಶುರುವಾಗುವ ಮೂರಕ್ಷರದ ನಂಬರ್ ಮೈಸೂರು ರಾಜ್ಯ ಅನ್ನೋ ಹೆಸರಿದ್ದ ಕಾಲದ್ದು. ಆದರೆ ಕೆಎ ಇದೆ ಅಂತ ಕಾರು ಹೊಸದು ಅಂದುಕೊಳ್ಳಬೇಡಿ, ಹೊರರಾಜ್ಯದಿಂದ ಬಂದು ಇಲ್ಲಿ ನೋಂದಣಿ ಆಗಿರಬಹುದು.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಸಿಪಾನಿ ಡಾಲ್ಫಿನ್. ರಾಜಾಜಿನಗರದ ಒಂದು ಗಲ್ಲಿಯಲ್ಲಿ, ಟಾರ್ಪಾಲಿನ ಕೆಳಗೆ ಹಿಂಭಾಗ ಅಷ್ಟೇ ಕಾಣುತ್ತಿತ್ತು. ಬಾಗಿಲು ಬಡಿದು ಕೇಳಿದೆ. ಮನೆಯ ಯಜಮಾನರು ಹೊರಗೆ ಬಂದು ಟಾರ್ಪಾಲು ಸರಿಸಿ, "ತಟ್ಟಿ ನೋಡಿ ಸಾರ್" ಅಂದರು. ತಗಡಿನ ಟಣ್ ಶಬ್ದವೇ ಇಲ್ಲ, ಬರೀ ದಬ್ ದಬ್. ಪೂರ್ತಿ ಫೈಬರ್ ಬಾಡಿ! "ಬಾಡಿಗೆ ತುಕ್ಕು ಹಿಡಿಯಲ್ಲ, ಚಾಸಿ ಮಾತ್ರ ನೋಡ್ಕೋಬೇಕು" ಅಂತ ಬಗ್ಗಿ ತೋರಿಸಿದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನೇ 1982ರಲ್ಲಿ ಬೆಂಗಳೂರಿನಲ್ಲಿ ತಯಾರಿಸಿ ಡಾಲ್ಫಿನ್ ಅಂತ ಮಾರಿದರು, 848 ಸಿಸಿ ಇಂಜಿನ್, ಎರಡೇ ಬಾಗಿಲು. ಅದಕ್ಕೂ ಮುಂಚೆ ಬಾದಲ್ ಅನ್ನೋ ಮೂರು ಚಕ್ರದ ಕಾರೂ ಇಲ್ಲೇ ತಯಾರಾಗಿತ್ತು. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು, ಅದರ ಮುಂದೆ ಡಾಲ್ಫಿನ್ ನಿಲ್ಲಲಿಲ್ಲ. ನಮ್ಮೂರಿನಲ್ಲೇ ತಯಾರಾದ ಕಾರು ನಮ್ಮೂರಿನವರಿಗೇ ಗೊತ್ತಿಲ್ಲ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಹೊಸದಾಗಿ ಶುರು ಮಾಡುವವರು ಭಾನುವಾರ ಬೆಳಿಗ್ಗೆ ಬಸವನಗುಡಿ, ಮಲ್ಲೇಶ್ವರದ ಹಳೇ ರಸ್ತೆಗಳಲ್ಲಿ ಸುಮ್ನೆ ನಡೆಯಿರಿ. ಕಾರು ಮುಟ್ಟುವ ಮುಂಚೆ, ಫೋಟೋ ತೆಗೆಯುವ ಮುಂಚೆ ಕೇಳಿ. ನಂಬರ್‌ನಲ್ಲಿ ಕೆಎ ಆದಮೇಲೆ ವಿಎ ಅಂತ ಇದ್ದರೆ ಅದು 2021ರ ನಿಯಮದ ವಿಂಟೇಜ್ ನೋಂದಣಿ: 50 ವರ್ಷ ದಾಟಿರಬೇಕು, ಬಾಡಿ, ಚಾಸಿ, ಇಂಜಿನ್ ಹೆಚ್ಚು ಬದಲಾಗಿರಬಾರದು. ಅಂಥ ಕಾರನ್ನು ದಿನಾ ಓಡಿಸುವ ಹಾಗಿಲ್ಲ, ಪ್ರದರ್ಶನಕ್ಕೋ ರ‍್ಯಾಲಿಗೋ ಪೆಟ್ರೋಲಿಗೋ ರಿಪೇರಿಗೋ ಮಾತ್ರ ಹೊರಗೆ ಬರುತ್ತದೆ. ಬಂಕ್‌ನಲ್ಲಿ ಕಂಡರೆ ಹೋಗಿ ಮಾತಾಡಿಸಿ.