ಕ್ಯಾಮೆರಾವನ್ನೂ ಒಂದು ಚಾನೆಲ್ ಅಂತಲೇ ನೋಡಿ

ಲಾರಿ ಸಸ್ಪೆನ್ಷನ್ ಟೆಸ್ಟಿನ ಗ್ರಾಫಿನಲ್ಲಿ ದೊಡ್ಡದೊಂದು ಪೀಕ್ ಎದ್ದಿರುತ್ತದೆ. ಅದು ಹಂಪಾ, ಗುಂಡಿಯಾ, ಇಲ್ಲಾ ವೈರ್ ಸಡಿಲವಾಗಿ ಬಂದ ಸುಳ್ಳು ಸಿಗ್ನಲ್ಲಾ? ಮರುದಿನ ಆಫೀಸಿನಲ್ಲಿ ಕೂತು ನೋಡುವವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಆಕ್ಸಲರೋಮೀಟರ್ (ಕುಲುಕಾಟ ಅಳೆಯುವುದು), ಸ್ಟ್ರೈನ್ ಗೇಜ್ (ಲೋಹ ಎಷ್ಟು ಹಿಗ್ಗಿತು, ಕುಗ್ಗಿತು ಅಂತ ಅಳೆಯುವುದು) ಜೊತೆಗೆ ಎರಡು ಕ್ಯಾಮೆರಾ ಹಾಕುತ್ತೇನೆ. ಸೆನ್ಸರ್‌ಗಳ ಸಿಗ್ನಲ್ ಎಲ್ಲಾ ದಾಖಲಾಗುವುದು ಡ್ಯಾಕ್ (ಡೇಟಾ ಅಕ್ವಿಸಿಷನ್) ಪೆಟ್ಟಿಗೆಯಲ್ಲಿ; ಅದರಲ್ಲಿ ಒಂದೊಂದು ಸಿಗ್ನಲ್ಲಿನ ದಾರಿಗೆ ಚಾನೆಲ್ ಅನ್ನುತ್ತಾರೆ. ಒಂದು ಮುಂದಿನ ಗಾಜಿನ ಒಳಗೆ, ರಸ್ತೆ ನೋಡಲು. ಇನ್ನೊಂದು ಚಾಸಿಸ್ ಕೆಳಗೆ, ಹಿಂದಿನ ಲೀಫ್ ಸ್ಪ್ರಿಂಗ್ ಕಡೆಗೆ.

ರಸ್ತೆಗೆ ಸಾಧಾರಣ ಯುಎಸ್‌ಬಿ ವೆಬ್‌ಕ್ಯಾಮ್ ಸಾಕು. ಸೆಕೆಂಡಿಗೆ 30 ಫ್ರೇಮ್. ರೆಕಾರ್ಡಿಂಗ್ ಸಾಫ್ಟ್‌ವೇರಿನ ಚಾನೆಲ್ ಸೆಟಪ್‌ನಲ್ಲಿ ಅದನ್ನು ಆನ್ ಮಾಡಿದ ಮೇಲೆ ನಾನು ಮೊದಲು ಮಾಡುವುದು ಆಟೋ ಫೋಕಸ್, ಆಟೋ ಎಕ್ಸ್‌ಪೋಶರ್ (ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಹೊತ್ತನ್ನು ಕ್ಯಾಮೆರಾನೇ ಹೊಂದಿಸುವುದು) ಎರಡನ್ನೂ ಆಫ್ ಮಾಡುವುದು. ಫೋಕಸ್ ಆಟೋದಲ್ಲೇ ಬಿಟ್ಟರೆ ಅದು ರಸ್ತೆ ಬಿಟ್ಟು ಗಾಜಿನ ಮೇಲಿನ ಕೊಳೆಯನ್ನು ಹಿಡಿದುಕೊಳ್ಳುತ್ತದೆ. ಎಕ್ಸ್‌ಪೋಶರ್ ಆಟೋದಲ್ಲೇ ಬಿಟ್ಟರೆ ಫ್ಲೈಓವರ್ ಕೆಳಗೆ ಹೋದ ಕೂಡಲೇ ಬೆಳಕು ಕಮ್ಮಿಯಾಗಿ, ಎಷ್ಟೋ ವೆಬ್‌ಕ್ಯಾಮ್‌ಗಳಲ್ಲಿ ಫ್ರೇಮ್ ರೇಟ್ ಇಳಿಯುತ್ತದೆ.

ಆದರೆ ವೆಬ್‌ಕ್ಯಾಮ್ ತನ್ನದೇ ಗಡಿಯಾರದಲ್ಲಿ ಓಡುತ್ತದೆ. ಚಿತ್ರ ಕಂಪ್ಯೂಟರಿಗೆ ತಡವಾಗಿ ಬರುತ್ತದೆ. ಎಷ್ಟು ತಡ ಅಂತ ಊಹಿಸುತ್ತಾ ಕೂರಬೇಡಿ, ಅಳೆಯಿರಿ. ಕ್ಯಾಮೆರಾ ಮುಂದೆ ಒಂದು ಎಲ್‌ಇಡಿ ಇಡಿ. ಅದಕ್ಕೆ ಹೋಗುವ ವೋಲ್ಟೇಜನ್ನೇ ಖಾಲಿ ಇರುವ ಅನಲಾಗ್ ಚಾನೆಲ್‌ಗೆ ಕೊಡಿ. ರೆಕಾರ್ಡಿಂಗ್ ಆನ್ ಮಾಡಿ, ಸ್ವಿಚ್ ಒತ್ತಿ. ಆಮೇಲೆ ಒಂದೊಂದೇ ಫ್ರೇಮ್ ಸರಿಸುತ್ತಾ, ವೋಲ್ಟೇಜ್ ಏರಿದ ಜಾಗಕ್ಕೂ ದೀಪ ಕಂಡ ಫ್ರೇಮಿಗೂ ಎಷ್ಟು ಅಂತರ ಇದೆ ನೋಡಿ. ಮೂರು ಫ್ರೇಮ್ ತಡ ಅಂದರೆ 100 ಮಿಲಿಸೆಕೆಂಡ್. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಷ್ಟರೊಳಗೆ ಲಾರಿ ಒಂದು ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ! ಈ ಅಂತರ ಪ್ರತಿಸಲ ಅಷ್ಟೇ ಇರುವುದಿಲ್ಲ, ಹಾಗಾಗಿ ಒಂದೇ ಸಲ ಒತ್ತಿ ಬಿಡಬೇಡಿ. "ಯಾವ ಹಂಪು" ಅಂತ ತಿಳಿಯಲು ಇಷ್ಟು ತಡ ನಡೆಯುತ್ತದೆ. "ಚಕ್ರ ಹಂಪು ಮುಟ್ಟಿದ ಎಷ್ಟು ಹೊತ್ತಿಗೆ ಆಕ್ಸಲ್ ಜಿಗಿಯಿತು" ಅನ್ನುವುದಕ್ಕೆ ನಡೆಯುವುದಿಲ್ಲ.

ಕೆಳಗಿನ ಕ್ಯಾಮೆರಾಗೆ ಅದಕ್ಕೇ ಗಿಗಾಬಿಟ್ ಈಥರ್‌ನೆಟ್ ಕ್ಯಾಮೆರಾ, ಅದೂ ಇಡೀ ಚಿತ್ರವನ್ನು ಒಂದೇ ಸಲಕ್ಕೆ ತೆಗೆಯುವ ಗ್ಲೋಬಲ್ ಶಟರ್‌ದು. ರೋಲಿಂಗ್ ಶಟರ್ ಇದ್ದರೆ ಚಿತ್ರವನ್ನು ಸಾಲುಸಾಲಾಗಿ ತೆಗೆಯುತ್ತದೆ, ಕುಲುಕಾಟಕ್ಕೆ ಸ್ಪ್ರಿಂಗೇ ಸೊಟ್ಟಗಾದ ಹಾಗೆ ಕಾಣುತ್ತದೆ. ಇಲ್ಲಿ ಕ್ಯಾಮೆರಾವನ್ನು ಅದರ ಪಾಡಿಗೆ ಓಡಲು ಬಿಡುವುದಿಲ್ಲ. ಟ್ರಿಗರ್ ಮೋಡ್ ಆನ್ ಮಾಡಿ, ಡ್ಯಾಕ್ ಪೆಟ್ಟಿಗೆಯಿಂದ ಬರುವ ಪಲ್ಸ್‌ಗೆ ಕಟ್ಟಿಹಾಕುತ್ತೇನೆ. ಒಂದು ಪಲ್ಸ್, ಒಂದು ಫ್ರೇಮ್. ಸೆಕೆಂಡಿಗೆ 100 ಫ್ರೇಮ್ ಬೇಕಿದ್ದರೆ ಎಕ್ಸ್‌ಪೋಶರ್ 10 ಮಿಲಿಸೆಕೆಂಡಿಗಿಂತ ಕಮ್ಮಿಯೇ ಇರಬೇಕು, ಅಲ್ವಾ? ಚಿತ್ರ ಮಸುಕಾಗಬಾರದು ಅಂದರೆ 1 ಮಿಲಿಸೆಕೆಂಡಿಗೆ ಇಳಿಸಬೇಕು. ಆಗ ಲಾರಿ ಕೆಳಗಿನ ಕತ್ತಲಲ್ಲಿ ಏನೂ ಕಾಣುವುದಿಲ್ಲ, ಡಿಸಿ ಎಲ್‌ಇಡಿ ಲೈಟ್ ಹಾಕಲೇಬೇಕು.

ನೆಟ್‌ವರ್ಕ್ ಕಡೆ ಕೆಲಸ ಬೇಜಾರಿನದು, ಆದರೆ ಬೇಗ ಮುಗಿಯುತ್ತದೆ. ಕ್ಯಾಮೆರಾಗೇ ಒಂದು ಪ್ರತ್ಯೇಕ ಲ್ಯಾನ್ ಪೋರ್ಟ್, ಫಿಕ್ಸ್ ಮಾಡಿದ ಐಪಿ, ಜಂಬೋ ಫ್ರೇಮ್ (ಇದು ಚಿತ್ರದ ಫ್ರೇಮ್ ಅಲ್ಲ, ನೆಟ್‌ವರ್ಕಿನ ದೊಡ್ಡ ಡೇಟಾ ಪೊಟ್ಟಣ) 9000 ಬೈಟ್, ಪವರ್ ಸೇವಿಂಗ್ ಆಫ್. ಚಿತ್ರದ ಫ್ರೇಮ್ ತಪ್ಪಿಹೋಗುತ್ತಿದ್ದರೆ ಮೊದಲು ಇವನ್ನೇ ನೋಡುತ್ತೇನೆ.

ಇನ್ನು ಜಾಗದ ಲೆಕ್ಕ. 640×480, 8 ಬಿಟ್ ಕಪ್ಪು ಬಿಳುಪು, ಸೆಕೆಂಡಿಗೆ 100 ಫ್ರೇಮ್ ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 31 ಎಂಬಿ. ಹತ್ತು ನಿಮಿಷಕ್ಕೆ 18 ಜಿಬಿ! ಅದೇ 5 ಕಿಲೋಹರ್ಟ್ಸ್‌ನ ಎಂಟು ಅನಲಾಗ್ ಚಾನೆಲ್ ಸೇರಿದರೂ, ಸ್ಯಾಂಪಲ್‌ಗೆ 4 ಬೈಟಿನಂತೆ, ಸೆಕೆಂಡಿಗೆ 160 ಕೆಬಿ ಅಷ್ಟೇ. ಬಣ್ಣ ಬೇಕು ಅಂತ ಯಾರಾದರೂ ಕೇಳಿದರೆ ಯಾಕೆ ಅಂತ ವಾಪಸ್ ಕೇಳುತ್ತೇನೆ. ತುಕ್ಕು ನೋಡುವುದಿದ್ದರೆ ಸರಿ, ಸುಮ್ನೆ ಚೆಂದಕ್ಕೆ ಬೇಡ.

ಓಡುವಾಗಲೇ ಕಂಪ್ರೆಸ್ ಮಾಡಿದರೆ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಹಾಗಾಗಿ ಎಸ್‌ಎಸ್‌ಡಿಗೆ ಹಾಗೇ ಬರೆದು, ಆಮೇಲೆ ಕಂಪ್ರೆಸ್ ಮಾಡುವುದು ನನ್ನ ಪದ್ಧತಿ. ರಸ್ತೆಯ ವಿಡಿಯೋ ಪೂರ್ತಿ ಇರಲಿ. ಸ್ಪ್ರಿಂಗ್ ಕ್ಯಾಮೆರಾ ಮಾತ್ರ ಆಕ್ಸಲ್‌ನ ಲಂಬ ಆಕ್ಸಲರೇಶನ್ ಒಂದು ಮಟ್ಟ ದಾಟಿದಾಗ ಉಳಿಸಿದರೆ ಸಾಕು. ಪ್ರೀ ಟ್ರಿಗರ್ (ಮಟ್ಟ ದಾಟುವುದಕ್ಕೆ ಮುಂಚಿನ ಚಿತ್ರವನ್ನೂ ಉಳಿಸುವ ಹೊತ್ತು) 2 ಸೆಕೆಂಡ್ ಕೊಡುತ್ತೇನೆ, ಹಂಪಿಗೆ ಮುಂಚೆ ಸ್ಪ್ರಿಂಗ್ ಹೇಗಿತ್ತು ಅನ್ನುವುದೂ ಸಿಗುತ್ತದೆ.